‘ಗೋಡ್’, ‘ಫುಟ್ಸ್’ ಅಂತಾಳೆ ಮಗಳು, ತಿದ್ದಬೇಕಾ?

ಪ್ರಶ್ನೆ: ನಾವು ಇಂಗ್ಲೆಂಡ್‌ನಲ್ಲಿ ಸೆಟ್ಲ್ ಆಗಿರೋ ಕನ್ನಡದೋರು. ಮಗಳಿಗೆ ಮೂರೂವರೆ ವರ್ಷ, ನರ್ಸರಿಗೆ ಹೋಗ್ತಾಳೆ, ಮನೇಲಿ ಕನ್ನಡ. ಎರಡೂವರೆ ವರ್ಷ ಇದ್ದಾಗ ‘ವೆಂಟ್’, ‘ಕೇಮ್’ ಅಂತ ಸರಿಯಾಗೇ ಹೇಳ್ತಿದ್ದೋಳು ಈಗ ‘ಗೋಡ್’, ‘ಕಮ್ಡ್’, ‘ಫುಟ್ಸ್’, ‘ಮೌಸಸ್’ ಅಂತಾಳೆ. ತಿದ್ದಿದ್ರೆ ನಗ್ತಾಳೆ, ಮತ್ತೆ ಅದೇ. ಎರಡೆರಡು ಭಾಷೆ ತಲೆಗೆ ತುಂಬಿದ್ದಕ್ಕೇ ಹಿಂಗಾಗಿರೋದು ಅಂತಾರೆ ನಮ್ಮತ್ತೆ. ಕಲಿತಿದ್ದನ್ನ ಮರೀತಿದಾಳಾ? ಅಷ್ಟಕ್ಕೂ ಇಂಗ್ಲಿಷ್‌ನಲ್ಲಿ ಈ ಥರ ಲೆಕ್ಕಕ್ಕೇ ಸಿಗದ ಪದಗಳು ಯಾಕಿವೆ?

ಉತ್ತರ: ಮೊದಲು ಗಾಬರಿ ಬಿಡಿ, ಮಗು ಏನೂ ಮರೀತಿಲ್ಲ. ಎರಡೂವರೆ ವರ್ಷದಲ್ಲಿ ಅವಳು ‘ವೆಂಟ್’ ಅಂದಿದ್ದು ಕಿವಿಗೆ ಬಿದ್ದಿದ್ದನ್ನ ಹಂಗೇ ಒಪ್ಪಿಸಿದ್ದು ಅಷ್ಟೇ. ಈಗ ‘ಗೋಡ್’ ಅಂತಿದಾಳೆ ಅಂದ್ರೆ, ಆಗಿಹೋದ ಕೆಲಸ ಹೇಳ್ಬೇಕಾದ್ರೆ ಕೊನೇಲಿ ‘ಎಡ್’ ಸೇರಿಸ್ಬೇಕು ಅನ್ನೋ ರೂಲ್ ತಾನೇ ಕಂಡುಹಿಡಿದಿದಾಳೆ. ಯೋಚನೆ ಮಾಡಿ, ಈ ರೂಲ್ ಅವಳಿಗೆ ನೀವು ಹೇಳಿಕೊಟ್ಟಿಲ್ಲ, ನರ್ಸರಿಯೋರೂ ಹೇಳಿಕೊಟ್ಟಿಲ್ಲ, ‘ಗೋಡ್’ ಅನ್ನೋ ಪದವನ್ನ ಯಾವ ದೊಡ್ಡೋರ ಬಾಯಲ್ಲೂ ಅವಳು ಕೇಳಿರೋಕೆ ಸಾಧ್ಯ ಇಲ್ಲ. ಹಂಗಾಗಿ ಇದು ಕಾಪಿ ಹೊಡೆದಿದ್ದಲ್ಲ, ಅವಳದೇ ಸ್ವಂತ ಕೆಲಸ. ಮೊದಲು ಸರಿ, ಆಮೇಲೆ ತಪ್ಪು, ಆಮೇಲೆ ಮತ್ತೆ ಸರಿ, ಇಂಗ್ಲಿಷ್ ಕಲಿಯೋ ಮಕ್ಕಳಲ್ಲಿ ಇದು ಎಷ್ಟು ಮಾಮೂಲಿ ಅಂದ್ರೆ ಭಾಷಾಶಾಸ್ತ್ರದ ಫಸ್ಟ್ ಇಯರ್ ಕ್ಲಾಸಲ್ಲೇ ಇದರ ಪಾಠ ಇರುತ್ತೆ.

ಇದನ್ನ ಚೆನ್ನಾಗಿ ತೋರಿಸಿಕೊಟ್ಟೋರು ಜೀನ್ ಬರ್ಕೋ ಅನ್ನೋ ಅಮೆರಿಕದ ಸಂಶೋಧಕಿ, 1958ರಲ್ಲಿ. ಆಕೆ ಮಾಡಿದ್ದು ಬಹಳ ಸಿಂಪಲ್. ಹಕ್ಕಿ ಥರ ಕಾಣೋ ಒಂದು ಪ್ರಾಣಿ ಚಿತ್ರ ಬರೆದು, ಇದರ ಹೆಸರು ‘ವಗ್’ ಅಂತ ಮಕ್ಕಳಿಗೆ ಹೇಳೋದು, ಆಮೇಲೆ ಅಂಥವೇ ಎರಡು ತೋರಿಸಿ, ಈಗ ಇಲ್ಲಿ ಎರಡು ಏನಿವೆ ಅಂತ ಕೇಳೋದು. ‘ವಗ್’ ಅಂತ ಇಂಗ್ಲಿಷ್‌ನಲ್ಲಿ ಪದಾನೇ ಇಲ್ಲ, ಆ ಕ್ಷಣಕ್ಕೆ ಹುಟ್ಟಿಸಿದ್ದು, ಅದರ ಬಹುವಚನ ಕೇಳಿರೋ ಚಾನ್ಸೇ ಇಲ್ಲ. ಆದ್ರೂ ಪುಟ್ಟ ಪುಟ್ಟ ಮಕ್ಕಳು ‘ವಗ್ಸ್’ ಅಂದ್ವು, ಅದೂ ಕೊನೇ ಅಕ್ಷರವನ್ನ ‘ಕ್ಯಾಟ್ಸ್’ನಲ್ಲಿ ಬರೋ ಸ ಥರ ಅಲ್ಲ, ‘ಡಾಗ್ಸ್’ನಲ್ಲಿ ಬರುತ್ತಲ್ಲ, ಆ ಜೇನುಹುಳ ಗುಂಯ್‌ಗುಡೋ ಥರದ ಜ಼ ಸದ್ದಲ್ಲಿ. ಎಲ್ಲಿ ಯಾವ ಸದ್ದು ಬರ್ಬೇಕು ಅಂತ ಇಂಗ್ಲಿಷ್ ಮಾತಾಡೋ ಎಷ್ಟೋ ದೊಡ್ಡೋರಿಗೆ ಕೇಳಿದ್ರೆ ಹೇಳೋಕೆ ಬರಲ್ಲ, ಮಕ್ಕಳ ಬಾಯಿಗೆ ಗೊತ್ತು.

ಕನ್ನಡದ ಮಕ್ಕಳೇನು ಕಮ್ಮಿ ಇಲ್ಲ. ಮಾಡು-ಮಾಡಿದೆ, ಓಡು-ಓಡಿದೆ ಅಂತ ಕಲಿತ ಮಗು ‘ಅಮ್ಮಾ ನಾನು ಬೀಳಿದೆ’, ‘ಅವನಿಗೆ ಬಿಸ್ಕತ್ ಕೊಡಿದೆ’ ಅನ್ನೋದನ್ನ ನೀವೇ ಎಲ್ಲಾದ್ರೂ ಕೇಳಿರ್ತೀರ. ಬಿದ್ದೆ, ಕೊಟ್ಟೆ ಅನ್ನೋದು ನಮಗೆ ಸಲೀಸು ಅನ್ಸುತ್ತೆ, ಆದ್ರೆ ಹೊರಗಿಂದ ಬಂದು ಕನ್ನಡ ಕಲಿಯೋರನ್ನ ಕೇಳಿ ನೋಡಿ, ನಗು ಅನ್ನೋದು ನಕ್ಕ ಆಗೋದು, ಏಳು ಅನ್ನೋದು ಎದ್ದ ಆಗೋದು, ಸಾಯು ಅನ್ನೋದು ಸತ್ತ ಆಗೋದು ಅವರ ಜೀವ ತಿನ್ನುತ್ತೆ. ಅಂದ್ರೆ ಈ ರೋಗ ಇಂಗ್ಲಿಷ್‌ಗೆ ಮಾತ್ರ ಬಂದಿರೋದಲ್ಲ.

ಇನ್ನೊಂದು ವಿಷಯ, ತಾಯಂದಿರಿಗೆ ತಪ್ಪುಗಳೇ ಕಿವಿಗೆ ಬೀಳೋದು ಸಹಜ, ಆದ್ರೆ ನಿಜವಾಗ್ಲೂ ಕೂತು ಲೆಕ್ಕ ಹಾಕಿದ್ರೆ ಕಥೆ ಬೇರೆ. 1992ರಲ್ಲಿ ಗ್ಯಾರಿ ಮಾರ್ಕಸ್, ಸ್ಟೀವನ್ ಪಿಂಕರ್ ಮತ್ತವರ ಜೊತೆಯವರು ಮಕ್ಕಳ ಮಾತಿನ ದಾಖಲೆಗಳನ್ನೆಲ್ಲಾ ತೆಗೆದು ಎಣಿಸಿದಾಗ, ‘ವೆಂಟ್’ ಥರದ ರೂಪ ಬೇಕಾದ ಕಡೆ ಮಕ್ಕಳು ‘ಎಡ್’ ಅಂಟಿಸಿ ತಪ್ಪೋದು ಸಾಮಾನ್ಯವಾಗಿ 2.5%ರ ಆಸುಪಾಸು ಅಷ್ಟೇ ಅಂತ ಬಂತು. ಮಗುವಿಂದ ಮಗುವಿಗೆ, ಪದದಿಂದ ಪದಕ್ಕೆ ವ್ಯತ್ಯಾಸ ಇದೆ, ಆದ್ರೂ ಒಟ್ಟಾರೆ ಸರಿಯಾಗಿ ಹೇಳೋದೇ ಜಾಸ್ತಿ. ನಿಮ್ ಮಗಳು ‘ಗೋಡ್’ ಅಂದ ದಿನಾನೇ ಹತ್ತಾರು ಸಲ ‘ಸೆಡ್’, ‘ಗಾಟ್’, ‘ಡಿಡ್’ ಅಂತ ಸರಿಯಾಗಿ ಅಂದಿರ್ತಾಳೆ, ಅದು ನಿಮ್ಮ ಗಮನಕ್ಕೆ ಬಂದಿರಲ್ಲ.

ತಿದ್ದೋ ವಿಷಯಕ್ಕೆ ಬರ್ತೀನಿ. ತಿದ್ದಿದ್ರೆ ಪ್ರಯೋಜನ ಬಹಳ ಕಮ್ಮಿ. ಕೋರ್ಟ್ನಿ ಕ್ಯಾಜ಼್ಡನ್ ಅನ್ನೋ ಸಂಶೋಧಕಿ ದಾಖಲಿಸಿರೋ ಒಂದು ಮಾತುಕತೆ ಇದೆ, ನಂಗೆ ತುಂಬಾ ಇಷ್ಟ. ಒಂದು ಮಗು ಟೀಚರ್ ಮೊಲದ ಮರಿ ಹಿಡ್ಕೊಂಡಿದ್ರು ಅಂತ ಹೇಳುತ್ತೆ, ‘ಹೆಲ್ಡ್’ ಅನ್ನೋ ಕಡೆ ‘ಹೋಲ್ಡೆಡ್’ ಅನ್ನುತ್ತೆ. ದೊಡ್ಡೋರು ಸೂಕ್ಷ್ಮವಾಗಿ, ಓ ಟೀಚರ್ ‘ಹೆಲ್ಡ್’ ಅಂದ್ಯಾ ಅಂತ ಕೇಳ್ತಾರೆ. ಮಗು ಹೂಂ ಅನ್ನುತ್ತೆ. ಏನು ಮಾಡಿದ್ರು ಅಂದೆ ಅಂತ ಕೇಳಿದ್ರೆ ಮತ್ತೆ ‘ಹೋಲ್ಡೆಡ್’. ಗಟ್ಟಿಯಾಗಿ ಹಿಡ್ಕೊಂಡಿದ್ರಾ ಅಂತ ‘ಹೆಲ್ಡ್’ ಸೇರಿಸಿ ಕೇಳಿದ್ರೆ, ಇಲ್ಲ ಮೆತ್ತಗೆ ‘ಹೋಲ್ಡೆಡ್’ ಅಂತ ಉತ್ತರ. ಮಗುವಿನ ತಲೆಯೆಲ್ಲಾ ಮೊಲದ ಮರಿ ಮೇಲಿದೆ, ನಿಮ್ಮ ವ್ಯಾಕರಣ ಯಾರಿಗೆ ಬೇಕು.

ಮತ್ತೆ ಅಪ್ಪ ಅಮ್ಮಂದಿರು ತಾವು ಅಂದುಕೊಂಡಷ್ಟು ತಿದ್ದೋದೂ ಇಲ್ಲ. ಹಾರ್ವರ್ಡ್‌ನಲ್ಲಿ ರೋಜರ್ ಬ್ರೌನ್ 1960ರ ದಶಕದಲ್ಲಿ ಆಡಮ್, ಈವ್, ಸಾರಾ ಅನ್ನೋ ಹೆಸರಲ್ಲಿ ಮೂರು ಮಕ್ಕಳ ಮಾತನ್ನ ರೆಕಾರ್ಡ್ ಮಾಡಿ ಅಧ್ಯಯನ ಮಾಡಿದ್ರು. 1970ರಲ್ಲಿ ಬ್ರೌನ್ ಮತ್ತು ಕ್ಯಾಮಿಲ್ ಹ್ಯಾನ್ಲನ್ ಆ ದಾಖಲೆಗಳಲ್ಲಿ ನೋಡಿದಾಗ, ತಂದೆ ತಾಯಿ ಸರಿ ಅಂತ ಒಪ್ಪೋದು, ತಪ್ಪು ಅನ್ನೋದು ಮಾತು ನಿಜಾನಾ ಸುಳ್ಳಾ ಅನ್ನೋದರ ಮೇಲೆ, ವ್ಯಾಕರಣದ ಮೇಲಲ್ಲ ಅಂತ ಗೊತ್ತಾಯ್ತು. ವ್ಯಾಕರಣ ಪೂರ್ತಿ ಕೆಟ್ಟಿದ್ರೂ ಹೇಳಿದ್ದು ನಿಜ ಆದ್ರೆ ಹೌದು ಪುಟ್ಟಾ, ವ್ಯಾಕರಣ ಸರಿ ಇದ್ದು ಟಿವಿ ಕಾರ್ಯಕ್ರಮ ಬರೋ ದಿನ ತಪ್ಪಾಗಿ ಹೇಳಿದ್ರೆ ಅಲ್ಲ ಪುಟ್ಟಾ. ಹಿಂಗೆ ಬೆಳೆದ ಮಕ್ಕಳು ದೊಡ್ಡೋರಾದ ಮೇಲೆ ವ್ಯಾಕರಣ ಸರಿಯಾಗಿರುತ್ತೆ, ಸತ್ಯ ಹೇಳೋದೇ ಅನುಮಾನ ಅಂತ ಬ್ರೌನ್ ಆಗಲೇ ತಮಾಷೆ ಮಾಡಿದ್ರು.

ಸರಿ, ಈಗ ಇಂಗ್ಲಿಷ್ ಯಾಕೆ ಹಿಂಗೆ ಅನ್ನೋದು. ಇದು ನಂಗೆ ಇಷ್ಟವಾದ ಭಾಗ, ಸ್ವಲ್ಪ ಉದ್ದ ಆಗುತ್ತೆ, ತಡ್ಕೊಳ್ಳಿ.

ಈಗ ಲೆಕ್ಕಕ್ಕೆ ಸಿಗದ ಪದಗಳಲ್ಲಿ ಹೆಚ್ಚಿನವು ಒಂದು ಕಾಲದಲ್ಲಿ ರೂಲ್ ಪ್ರಕಾರಾನೇ ನಡೀತಿದ್ವು. ಐದನೇ ಶತಮಾನದಲ್ಲಿ ಆಂಗಲ್ಸ್, ಸ್ಯಾಕ್ಸನ್ಸ್ ಅನ್ನೋ ಜನ ಈಗಿನ ಜರ್ಮನಿ, ಡೆನ್ಮಾರ್ಕ್ ಕಡೆಯಿಂದ ಬ್ರಿಟನ್‌ಗೆ ಬಂದಾಗ ತಂದ ಭಾಷೆ ಇದರ ಮೂಲ. ಅವರ ಪೂರ್ವಿಕರ ಭಾಷೇಲಿ ಕಾಲಿಗೆ ‘ಫೋಟ್’ ಥರದ ಪದ, ಬಹುವಚನಕ್ಕೆ ಕೊನೇಲಿ ‘ಇ’ ಇರೋ ಒಂದು ಬಾಲ, ‘ಫೋಟಿಜ಼್’ ಅಂದ್ಕೊಳ್ಳಿ. ಮುಂದೆ ‘ಇ’ ಬರುತ್ತೆ ಅಂತ ನಾಲಿಗೆ ಮೊದಲೇ ರೆಡಿ ಆಗಿ, ಹಿಂದಿನ ‘ಓ’ವನ್ನೂ ತನ್ನ ಕಡೆ ಎಳ್ಕೊಳ್ತು, ಅದು ಬರ್ತಾ ಬರ್ತಾ ‘ಏ’ ಆಯ್ತು. ಆಮೇಲೆ ಕೊನೇ ‘ಇ’ನೇ ಉದುರಿಹೋಯ್ತು. ಉಳಿದಿದ್ದು ‘ಫೋಟ್’, ‘ಫೇಟ್’. ಅದೇ ಮುಂದೆ ಸ್ವರಗಳೆಲ್ಲಾ ಜಾಗ ಬದಲಾಯಿಸಿದ ಮೇಲೆ ಫುಟ್, ಫೀಟ್. ಮೌಸ್-ಮೈಸ್, ಟೂತ್-ಟೀತ್, ಗೂಸ್-ಗೀಸ್ ಎಲ್ಲಾ ಇದೇ ಕಥೆ.

ಇದು ವಿಚಿತ್ರ ಅನ್ಸಿದ್ರೆ ನಿಮ್ಮ ಕಿವೀನೇ ಮುಟ್ಟಿ ನೋಡ್ಕೊಳ್ಳಿ. ತಮಿಳು, ತೆಲುಗಲ್ಲಿ ಅದು ‘ಚೆವಿ’, ಎ ಕಾರ. ಕನ್ನಡದಲ್ಲಿ ಮುಂದಿನ ‘ವಿ’ಯ ಇಕಾರ ಹಿಂದಿನ ಎಕಾರವನ್ನ ಎಳೆದು ‘ಕಿವಿ’ ಮಾಡಿದೆ. ಸರಿಸುಮಾರು ಅದೇ ಚಟ. ವ್ಯತ್ಯಾಸ ಏನಂದ್ರೆ ನಮ್ಮಲ್ಲಿ ಎಳೆದ ‘ಇ’ ಇನ್ನೂ ಅಲ್ಲೇ ಕೂತಿದೆ, ಇಂಗ್ಲಿಷ್‌ನಲ್ಲಿ ಎಳೆದೋನು ಎದ್ದು ಹೋಗಿದಾನೆ, ಎಳೆತ ಮಾತ್ರ ಉಳಿದಿದೆ. ಮೂರೂವರೆ ವರ್ಷದ ಮಗುವಿಗೆ ಸಾವಿರದೈನೂರು ವರ್ಷದ ಹಿಂದೆ ಉದುರಿದ ಸ್ವರ ಹೆಂಗೆ ಗೊತ್ತಾಗ್ಬೇಕು, ಅವಳಿಗೆ ಕಾಣಿಸ್ತಿರೋ ರೂಲ್ ‘ಎಸ್’ ಸೇರಿಸೋದು, ಸೇರಿಸ್ತಾಳೆ.

‘ವೆಂಟ್’ ಕಥೆ ಇನ್ನೂ ಚೆನ್ನಾಗಿದೆ. ಅದು ‘ಗೋ’ಗೆ ಸಂಬಂಧಪಟ್ಟ ಪದಾನೇ ಅಲ್ಲ. ‘ವೆಂಡ್’ ಅಂತ ಬೇರೆ ಕ್ರಿಯಾಪದ, ತಿರುಗು, ಹಾದಿ ಹಿಡಿ ಅನ್ನೋ ಅರ್ಥ, ಸೆಂಡ್-ಸೆಂಟ್, ಬೆಂಡ್-ಬೆಂಟ್ ಥರ ವೆಂಡ್-ವೆಂಟ್. ‘ಗೋ’ಗೆ ಹಳೇ ಇಂಗ್ಲಿಷ್‌ನಲ್ಲಿ ಇದ್ದ ಭೂತಕಾಲ ‘ಏಓಡೆ’, ಅದೂ ಬೇರೆ ಕಡೆಯಿಂದ ಬಂದಿದ್ದೇ. 15ನೇ ಶತಮಾನದ ಹೊತ್ತಿಗೆ ಅದು ಮೂಲೆ ಸೇರಿ ಆ ಜಾಗದಲ್ಲಿ ‘ವೆಂಟ್’ ಬಂದು ಕೂತ್ಕೊಳ್ತು. ಆದ್ರೆ ಮಜಾ ಏನು ಗೊತ್ತಾ, ಸ್ಕಾಟ್ಲೆಂಡ್‌ನ ಸ್ಕಾಟ್ಸ್ ಭಾಷೇಲಿ ‘ಗೋ’ ಅನ್ನೋದಕ್ಕೆ ‘ಗೇ’, ಹೋದ ಅನ್ನೋದಕ್ಕೆ ‘ಗೇಡ್’. ಅಲ್ಲಿನ ಜನ ನಿಮ್ ಮಗಳು ಮಾಡಿದ್ದನ್ನೇ ಮಾಡಿದಾರೆ, ಅದು ಅಲ್ಲಿ ಸಲ್ಲೋ ರೂಪ, ಕವಿ ರಾಬರ್ಟ್ ಬರ್ನ್ಸ್ ಕೂಡ ಹಂಗೇ ಬರೆದಿದಾರೆ. ಮುಂದಿನ ಸಲ ನರ್ಸರೀಲಿ ಯಾರಾದ್ರೂ ಮುಖ ಸಿಂಡರಿಸಿದ್ರೆ ಇದನ್ನ ಹೇಳಿ.

ಇನ್ನು ಮಕ್ಕಳಿಗೆ ಇಂಗ್ಲಿಷ್‌ನಲ್ಲಿ ಹೇಳೋ ‘ಚಿಲ್ಡ್ರನ್’ ಅನ್ನೋ ಪದವೇ ನೋಡಿ. ಹಳೇ ಇಂಗ್ಲಿಷ್‌ನಲ್ಲಿ ‘ಚಿಲ್ಡ್’ಗೆ ಬಹುವಚನ ‘ಚಿಲ್ಡ್ರು’, ಆ ರಕಾರಾನೇ ಬಹುವಚನದ ಗುರುತು. ಆ ಗುಂಪಿನ ಪದಗಳು ಬೆರಳೆಣಿಕೆ ಅಷ್ಟೇ, ಕರು, ಕುರಿಮರಿ, ಮೊಟ್ಟೆ ಇಂಥವು. ಕಾಲ ಕಳೆದಂಗೆ ಆ ‘ರ್’ ಬಹುವಚನ ಅಂತ ಯಾರಿಗೂ ಅನ್ನಿಸದೇ ಹೋಗಿ, ಅದರ ಮೇಲೆ ಇನ್ನೊಂದು ಬಹುವಚನದ ಬಾಲ ‘ಎನ್’ ಅಂಟಿಸಿದ್ರು. ಒಂದೇ ಪದಕ್ಕೆ ಎರಡು ಬಹುವಚನ, ಪುಟ್ಟ ಮಕ್ಕಳು ‘ಫೀಟ್ಸ್’ ಅಂತಾರಲ್ಲ ಥೇಟ್ ಹಂಗೇ. ಈಗ ಅದೇ ಶುದ್ಧ ಇಂಗ್ಲಿಷ್.

ಮೊಟ್ಟೆ ಅಂದೆನಲ್ಲ, ಅದರ ಬಹುವಚನವೂ ಇದೇ ರೀತಿ ‘ಐರೆನ್’ ಅಂತಿತ್ತು. ‘ಎಗ್’ ಅನ್ನೋದು ಸ್ಕ್ಯಾಂಡಿನೇವಿಯಾ ಕಡೆಯಿಂದ ಹಡಗಲ್ಲಿ ಬಂದ ವೈಕಿಂಗರ ನಾರ್ಸ್ ಭಾಷೆಯಿಂದ ಬಂದಿದ್ದು, ಉತ್ತರದ ಕಡೆ ಬಳಕೆಗೆ ಬಂದು ನಿಧಾನಕ್ಕೆ ಕೆಳಗಿಳೀತು. ಇಂಗ್ಲೆಂಡಿಗೆ ಮುದ್ರಣ ತಂದ ವಿಲಿಯಂ ಕ್ಯಾಕ್ಸ್ಟನ್ 1490ರ ಒಂದು ಮುನ್ನುಡೀಲಿ ಬರೀತಾನೆ: ಥೇಮ್ಸ್ ನದೀಲಿ ಹೊರಟ ವ್ಯಾಪಾರಿಗಳ ಹಡಗು ಗಾಳಿ ಇಲ್ದೆ ನಿಂತುಬಿಡ್ತು, ಅವರು ದಡಕ್ಕಿಳಿದು ಒಂದು ಮನೇಲಿ ಊಟ ಕೇಳಿದ್ರು, ಒಬ್ಬ ಮುಖ್ಯವಾಗಿ ಎಗ್ಸ್ ಬೇಕು ಅಂದ. ಮನೆಯಾಕೆ ನಂಗೆ ಫ್ರೆಂಚ್ ಬರಲ್ಲಪ್ಪ ಅಂದ್ಲು. ಅವನಿಗೆ ಸಿಟ್ಟು ಬಂತು, ಯಾಕಂದ್ರೆ ಅವನಿಗೂ ಫ್ರೆಂಚ್ ಬರ್ತಿರ್ಲಿಲ್ಲ. ಕೊನೆಗೆ ಇನ್ನೊಬ್ಬ ‘ಐರೆನ್’ ಅಂದಾಗ ಆಕೆಗೆ ಅರ್ಥ ಆಯ್ತು. ಇಬ್ಬರೂ ಮಾತಾಡ್ತಿದ್ದಿದ್ದು ಇಂಗ್ಲಿಷೇ. ಏನು ಬರೀಬೇಕು, ಎಗ್ಸ್ ಅಂತಲೋ ಐರೆನ್ ಅಂತಲೋ ಅಂತ ಪಾಪ ಕ್ಯಾಕ್ಸ್ಟನ್ ತಲೆ ಕೆಡಿಸ್ಕೊಳ್ತಾನೆ.

ಐರೆನ್ ಹೋಯ್ತು, ಚಿಲ್ಡ್ರನ್ ಉಳೀತು. ‘ಬುಕ್’ ಬಹುವಚನ ಫೀಟ್ ಥರಾನೇ ‘ಬೇಚ್’ ಅಂತೇನೋ ಇತ್ತು, ಈಗ ಬುಕ್ಸ್. ‘ಹೆಲ್ಪ್’ಗೆ ‘ಹೋಲ್ಪ್’, ‘ಹೋಲ್ಪನ್’ ಅಂತ ರೂಪಗಳಿದ್ವು, 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ‘ಹೋಲ್ಪನ್’ ಇನ್ನೂ ಇದೆ, ಈಗ ಹೆಲ್ಪ್ಡ್. ಅಂದ್ರೆ ಎಷ್ಟೋ ಪದಗಳ ವಿಷಯದಲ್ಲಿ ನಿಮ್ ಮಗಳ ಪಕ್ಷವೇ ಗೆದ್ದಿದೆ. ಹಂಗಿದ್ಮೇಲೆ ವೆಂಟ್, ಫೀಟ್ ಮಾತ್ರ ಯಾಕೆ ಬಗ್ಗಲಿಲ್ಲ?

ದಿನಾ ಜನ ಓಡಾಡೋ ದಾರೀಲಿ ಹುಲ್ಲು ಬೆಳೆಯಲ್ಲ, ಅಷ್ಟೇ. 2007ರಲ್ಲಿ ನೇಚರ್ ಪತ್ರಿಕೇಲಿ ಹಾರ್ವರ್ಡ್‌ನೋರ ಒಂದು ಲೆಕ್ಕಾಚಾರ ಬಂತು. ಹಳೇ ಇಂಗ್ಲಿಷ್‌ನ 177 ಅಡ್ಡಾದಿಡ್ಡಿ ಕ್ರಿಯಾಪದ ತಗೊಂಡು ಏನಾದ್ವು ಅಂತ ನೋಡಿದ್ರು. ಮಧ್ಯಕಾಲದ ಇಂಗ್ಲಿಷ್ ಹೊತ್ತಿಗೆ 145 ಹಂಗೇ ಇದ್ವು, ಈಗ 98. ಉಳಿದವೆಲ್ಲಾ ‘ಎಡ್’ ಹಾಕ್ಕೊಂಡು ಸಾಲಿಗೆ ಸೇರಿವೆ. ಮತ್ತೆ ಯಾವುದು ಬೇಗ ಬಗ್ಗುತ್ತೆ ಅನ್ನೋದಕ್ಕೂ ಲೆಕ್ಕ ಸಿಕ್ತು, ನೂರು ಪಟ್ಟು ಕಮ್ಮಿ ಬಳಕೆಯಾಗೋ ಪದ ಹತ್ತು ಪಟ್ಟು ಬೇಗ ಬದಲಾಗುತ್ತೆ. ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಬಳಕೆಯಾಗೋ ಹತ್ತು ಕ್ರಿಯಾಪದ, ಬಿ, ಹ್ಯಾವ್, ಡು, ಸೇ, ಗೋ, ಗೆಟ್ ಇತ್ಯಾದಿ, ಹತ್ತಕ್ಕೆ ಹತ್ತೂ ಅಡ್ಡಾದಿಡ್ಡಿ. ಪ್ರತಿ ತಲೆಮಾರಿನ ಮಕ್ಕಳೂ ‘ಗೋಡ್’ ಅಂತಾರೆ, ಆದ್ರೆ ದಿನಕ್ಕೆ ಎಷ್ಟೊಂದು ಸಲ ‘ವೆಂಟ್’ ಕಿವಿಗೆ ಬಿದ್ದು ಬಿದ್ದು ಗೋಡ್ ತಾನಾಗೇ ಹೋಗಿಬಿಡುತ್ತೆ. ‘ಹೋಲ್ಪ್’ ಅಷ್ಟು ಸಲ ಕಿವಿಗೆ ಬೀಳ್ಲಿಲ್ಲ, ಹೋಯ್ತು.

ಹಂಗಂತ ಇಂಗ್ಲಿಷ್‌ನ ವಿಭಕ್ತಿ, ಲಿಂಗ ಎಲ್ಲಾ ಉದುರಿಸಿದ್ದು ಮಕ್ಕಳೇ ಅನ್ಬೇಡಿ, ಅದು ಬೇರೆ ಕೇಸು. ಹಳೇ ಇಂಗ್ಲಿಷ್‌ನಲ್ಲಿ ಮೂರು ಲಿಂಗ, ನಾಲ್ಕು ಮುಖ್ಯ ವಿಭಕ್ತಿ ಇದ್ವು, ಕಲ್ಲಿಗೂ ಒಂದು ಲಿಂಗ. ಪದದ ಮೊದಲ ಭಾಗಕ್ಕೇ ಒತ್ತು ಬೀಳ್ತಿದ್ದರಿಂದ ಕೊನೆಯ ಸ್ವರಗಳು ಸವೀತಾ ಬಂದ್ವು. ಅದರ ಜೊತೆಗೆ ವೈಕಿಂಗರು, 793ರಲ್ಲಿ ಇಂಗ್ಲೆಂಡಿನ ಉತ್ತರದ ಲಿಂಡಿಸ್ಫಾರ್ನ್ ಮಠ ಲೂಟಿ ಮಾಡೋಕೆ ಬಂದ ಜನ ಆಮೇಲೆ ಉತ್ತರ, ಪೂರ್ವದಲ್ಲಿ ನೆಲೆ ನಿಂತು ಹೊಲ ಉತ್ತು ಮದುವೆ ಮಾಡ್ಕೊಂಡ್ರು. ಇವರ ನಾರ್ಸ್, ಅವರ ಇಂಗ್ಲಿಷ್, ಪದದ ಬುಡ ಒಂದೇ ಥರ, ಬಾಲ ಬೇರೆ ಬೇರೆ. ದೊಡ್ಡೋರಾದ ಮೇಲೆ ಭಾಷೆ ಕಲಿಯೋರು ಬಾಲ ತಗೊಂಡು ಏನ್ಮಾಡ್ತಾರೆ, ಬುಡ ಹಿಡ್ಕೊಂಡು ಕೆಲಸ ನಡೆಸ್ತಾರೆ. ಹತ್ತನೇ ಶತಮಾನದಲ್ಲಿ ‘ಲಿಂಡಿಸ್ಫಾರ್ನ್ ಸುವಾರ್ತೆಗಳು’ ಅನ್ನೋ ಲ್ಯಾಟಿನ್ ಬೈಬಲ್ ಪ್ರತಿಯ ಸಾಲುಗಳ ಮಧ್ಯೆ ಬರೆದಿರೋ ಉತ್ತರದ ಇಂಗ್ಲಿಷ್‌ನಲ್ಲೇ ಈ ಬಾಲಗಳು ಗೊಂದಲ ಆಗಿರೋದು ಕಾಣುತ್ತೆ, ದಕ್ಷಿಣದಲ್ಲಿ ಇನ್ನೂ ಗಟ್ಟಿಯಾಗಿದ್ದಾಗಲೇ. ಒಂದೇ ಕಾರಣ ಅಂತ ಹೇಳೋಕಾಗಲ್ಲ, ವಿದ್ವಾಂಸರು ಈಗಲೂ ಜಗಳ ಆಡ್ತಾರೆ, ಆದ್ರೆ ದೊಡ್ಡೋರ ಪಾಲು ದೊಡ್ಡದು ಅಂತ ನಂಗನ್ಸುತ್ತೆ. ಹಡ್ಸನ್ ಕಾಮ್, ನ್ಯೂಪೋರ್ಟ್ ಅನ್ನೋ ಇಬ್ಬರು ಸಂಶೋಧಕರು ಬೇಕಂತಲೇ ನಿಯಮ ಒಂದು ಸಲ ಇದ್ದು ಒಂದು ಸಲ ಇಲ್ಲದಂಥ ಪುಟ್ಟ ಕೃತಕ ಭಾಷೆ ಕಲಿಸಿ ನೋಡಿದ್ರು. ದೊಡ್ಡೋರು ಆ ಗೊಂದಲವನ್ನೇ ಹೆಚ್ಚುಕಮ್ಮಿ ಹಂಗೇ ವಾಪಸ್ ಕೊಟ್ರು, ಮಕ್ಕಳು ಮಾತ್ರ ತಾವೇ ಒಂದು ರೂಲ್ ಮಾಡ್ಕೊಂಡು ಅದರ ಪ್ರಕಾರ ನಡೆದ್ರು. ದೊಡ್ಡೋರು ಮುರೀತಾರೆ, ಮಕ್ಕಳು ಚೂರುಗಳನ್ನ ಜೋಡಿಸಿ ರೂಲ್ ಮಾಡ್ತಾರೆ.

ಈಗ ಅತ್ತೆಯವರ ಮಾತು. ಎರಡು ಭಾಷೆಯಿಂದ ಈ ತಪ್ಪು ಬಂದಿಲ್ಲ, ಮೇಲೆ ಹೇಳಿದ ಬ್ರೌನ್, ಬರ್ಕೋ ನೋಡಿದ ಮಕ್ಕಳು ಇಂಗ್ಲಿಷ್ ಒಂದನ್ನೇ ಆಡೋ ಮನೆಗಳ ಮಕ್ಕಳು. ಎರಡು ಭಾಷೆ ಮಕ್ಕಳಿಗೆ ಒಂದೊಂದು ಭಾಷೇಲಿ ಪದ ಸ್ವಲ್ಪ ಕಮ್ಮಿ ಇರಬಹುದು, ಎರಡೂ ಸೇರಿಸಿ ಎಣಿಸಿದ್ರೆ ಸಾಮಾನ್ಯವಾಗಿ ಬೇರೆ ಮಕ್ಕಳ ಸಮಕ್ಕೇ ಇರುತ್ತೆ. ಒಂದೇ ವಾಕ್ಯದಲ್ಲಿ ಎರಡೂ ಬೆರೆಸೋದು ಗೊಂದಲ ಅಲ್ಲ, ನಾವೆಲ್ಲಾ ಬೆಂಗಳೂರಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೂ ಮಾಡೋದು ಅದನ್ನೇ.

ಬದಲಿಗೆ ಅವಳಿಗೆ ಒಂದು ಲಾಭ ಆಗಿದೆ, ಅತ್ತೆಯವರಿಗೆ ಹೇಳಿ. ಕೆನಡಾದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಹಿಂದಿಯ ತ ಮತ್ತು ಟ ಸದ್ದು ಇಟ್ಟುಕೊಂಡು ಕೂಸುಗಳನ್ನ ಪರೀಕ್ಷೆ ಮಾಡಿದ್ರು. ಇಂಗ್ಲಿಷ್ ಮನೆಯ 6ರಿಂದ 8 ತಿಂಗಳ ಕೂಸುಗಳಿಗೆ ಆ ವ್ಯತ್ಯಾಸ ಚೆನ್ನಾಗೇ ಗೊತ್ತಾಗ್ತಿತ್ತು, 10ರಿಂದ 12 ತಿಂಗಳ ಹೊತ್ತಿಗೆ ಹೆಚ್ಚಿನವಕ್ಕೆ ಗೊತ್ತಾಗ್ತಿರ್ಲಿಲ್ಲ, ಯಾಕಂದ್ರೆ ಇಂಗ್ಲಿಷ್‌ಗೆ ಅದು ಬೇಡ. ಹಿಂದಿ ಮನೆ ಕೂಸುಗಳು ಉಳಿಸ್ಕೊಂಡಿದ್ವು. ನಿಮ್ ಮಗಳ ನರ್ಸರಿ ಫ್ರೆಂಡ್ಸ್‌ಗೆ ತಾತ ಅನ್ನೋದಕ್ಕೂ ಟಾಟಾ ಅನ್ನೋದಕ್ಕೂ ವ್ಯತ್ಯಾಸ ಹಿಡಿಯೋದು ಕಷ್ಟ, ಇವಳಿಗೆ ನೀರು ಕುಡಿದಷ್ಟು ಸುಲಭ.

ಹಂಗಾದ್ರೆ ಏನ್ಮಾಡ್ಬೇಕು. ಇಂಗ್ಲಿಷ್ ವಿಷಯದಲ್ಲಿ ಹೆಚ್ಚುಕಮ್ಮಿ ಏನೂ ಬೇಡ. ಅವಳು ‘ಗೋಡ್ ಟು ದ ಪಾರ್ಕ್’ ಅಂದ್ರೆ, ಅಲ್ಲ ಅದು ವೆಂಟ್ ಅಂತ ನಿಲ್ಲಿಸ್ಬೇಡಿ, ಓ ವೆಂಟ್ ಟು ದ ಪಾರ್ಕಾ, ಯಾರ್ ಜೊತೆ ಅಂತ ಮಾತು ಮುಂದುವರಿಸಿ. ಸರಿ ರೂಪ ಕಿವಿಗೆ ಬಿತ್ತು, ಮಾತೂ ಕೆಡಲಿಲ್ಲ. ನರ್ಸರಿ, ಸ್ಕೂಲು, ಆಟದ ಮೈದಾನ, ಊರಿಗೆ ಊರೇ ಅವಳಿಗೆ ‘ವೆಂಟ್’ ಕೇಳಿಸ್ತಾ ಇರುತ್ತೆ. ಮಾತೇ ತೀರಾ ಕಮ್ಮಿ ಇದ್ರೆ, ಕರೆದ್ರೆ ತಿರುಗದಿದ್ರೆ, ಹೇಳಿದ್ದು ಅರ್ಥ ಆಗ್ತಿಲ್ಲ ಅನ್ನಿಸಿದ್ರೆ ಅದು ಬೇರೆ, ಕಿವಿ ಟೆಸ್ಟ್ ಮಾಡ್ಸಿ, ಸ್ಪೀಚ್ ಥೆರಪಿಸ್ಟ್ ಹತ್ರ ತೋರಿಸಿ. ‘ಫುಟ್ಸ್’ಗೆಲ್ಲಾ ಡಾಕ್ಟರ್ ಬೇಡ.

ನಿಮ್ಮ ಯೋಚನೆ ಇರಬೇಕಾಗಿರೋದು ಕನ್ನಡದ ಬಗ್ಗೆ. ಅಲ್ಲಿ ‘ಕೊಟ್ಟೆ’, ‘ಬಿದ್ದೆ’, ‘ನಕ್ಕಳು’ ಅಂತ ಅವಳಿಗೆ ಕೇಳಿಸೋದು ನೀವಿಬ್ಬರೇ, ನೀವು ಹೇಳದಿದ್ರೆ ‘ಕೊಡಿದೆ’ ಅನ್ನೋದೇ ಗಟ್ಟಿಯಾಗಿ ಉಳ್ಕೊಳ್ಳುತ್ತೆ, ಇಲ್ಲಾಂದ್ರೆ ‘ಗಿವ್ ಮಾಡಿದೆ’ ಬರುತ್ತೆ. ಟಿವೀಲಿ ಕನ್ನಡ ರೈಮ್ಸ್ ಹಾಕಿ ಕೂರಿಸಿದ್ರೆ ಆಗಲ್ವಾ ಅಂತ ಬಹಳ ಜನ ಕೇಳ್ತಾರೆ. ಸಿಯಾಟಲ್‌ನಲ್ಲಿ ಪ್ಯಾಟ್ರಿಷಿಯಾ ಕೂಲ್ 2003ರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ 12 ಸೆಷನ್ ಚೈನೀಸ್ ಕೇಳಿಸಿದ್ರು, ಎದುರಿಗೆ ಕೂತು ಆಟ ಆಡಿಸ್ತಾ ಮಾತಾಡಿದವರಿಂದ ಕೂಸುಗಳು ಆ ಸದ್ದುಗಳನ್ನ ಕಲಿತ್ವು, ಅದೇ ಮಾತನ್ನ ವಿಡಿಯೋದಲ್ಲಿ ನೋಡಿದ ಕೂಸುಗಳು ಕಲೀಲಿಲ್ಲ. ಆದ್ರೆ ವಿಡಿಯೋ ಕಾಲ್ ಬೇರೆ, ಎರಡು ಎರಡೂವರೆ ವರ್ಷದ ಮಕ್ಕಳು ರೆಕಾರ್ಡ್ ಮಾಡಿಟ್ಟ ವಿಡಿಯೋದಿಂದ ಕಲಿಯದ ಹೊಸ ಪದಗಳನ್ನ ಲೈವ್ ಕಾಲಲ್ಲಿ ಕಲಿತಿದ್ದು 2014ರ ಒಂದು ಅಧ್ಯಯನದಲ್ಲಿ ಬಂದಿದೆ, ಯಾಕಂದ್ರೆ ಆ ಕಡೆ ಇರೋರು ಮಗು ಅಂದಿದ್ದಕ್ಕೆ ಉತ್ತರ ಕೊಡ್ತಾರೆ. ಹಂಗಾಗಿ ಈ ಕೆಲಸವನ್ನ ನಿಮ್ಮತ್ತೆಗೇ ವಹಿಸಿ. ಊಟ ಆಯ್ತಾ ಅಂತ ಕೇಳಿ ಫೋನ್ ಇಟ್ಟುಬಿಟ್ರೆ ಆಗಲ್ಲ, ಇವತ್ತು ಸ್ಕೂಲಲ್ಲಿ ಯಾರು ಬಿದ್ದರು, ಯಾರು ಎದ್ದರು, ನೀನು ಯಾರಿಗೆ ಏನು ಕೊಟ್ಟೆ, ಅವರು ಏನು ತಂದರು ಅಂತ ಆಗಿಹೋಗಿದ್ದನ್ನೇ ಕೇಳೋಕೆ ಹೇಳಿ.